ಹಳೇ ನೋಕಿಯಾದಲ್ಲಿ ಕಾಲ್ ರೆಕಾರ್ಡಿಂಗ್: ಆ್ಯಪ್ ಹಾಕುವ ಮುಂಚೆ ತಾರೀಖು ನೋಡಿ

ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಗಳಲ್ಲಿ ಕೆಲವರು ಇನ್ನೂ ನೋಕಿಯಾ ಇ63 ಬಿಟ್ಟಿಲ್ಲ. ಹುಬ್ಬಳ್ಳಿಯ ನಮ್ಮ ರಿಪೇರಿ ಅಂಗಡಿಗೆ ಬಂದರೆ ಕೇಳುವುದು ಒಂದೇ: "ದರ ಮಾತಾಡಿದ್ದು ರೆಕಾರ್ಡ್ ಆಗಬೇಕ್ರೀ, ಒಂದ್ ಆ್ಯಪ್ ಹಾಕಿಕೊಡ್ರಿ."

ಆ್ಯಪ್ ಬೇಡ ಅಂತಲೇ ನಾನು ಹೇಳುತ್ತೇನೆ. ಈ ಸಿಂಬಿಯನ್ (ನೋಕಿಯಾದ ಹಳೇ ಆಪರೇಟಿಂಗ್ ಸಿಸ್ಟಂ) ಫೋನುಗಳಲ್ಲಿ ರೆಕಾರ್ಡರ್ ಮೊದಲಿನಿಂದಲೂ ಇದೆ. ಮಾತು ನಡೆಯುವಾಗಲೇ ಅದನ್ನು ತೆರೆದು ಒತ್ತಿದರೆ ಆಯಿತು. ಐದು ಸೆಕೆಂಡಿಗೊಮ್ಮೆ ಬೀಪ್ ಬರುತ್ತದೆ, ಎರಡೂ ಕಡೆಯವರಿಗೆ ಕೇಳಿಸುತ್ತದೆ. ಆ ಬೀಪ್ ತಪ್ಪಿಸಲಿಕ್ಕೇ ಜನ ಹೊರಗಿನ ಆ್ಯಪ್ ಹುಡುಕುತ್ತಾರೆ. ನನಗಂತೂ ಬೀಪ್ ಇರುವುದೇ ಸರಿ ಅನಿಸುತ್ತದೆ. ರೆಕಾರ್ಡ್ ಆಗುತ್ತಿದೆ ಅಂತ ಎದುರಿನವರಿಗೂ ಗೊತ್ತಾಗಬೇಕು, ಅಲ್ವಾ?

ನಿಜವಾದ ತೊಂದರೆ ಶುರುವಾಗುವುದು ಆ್ಯಪ್ ಹಾಕುವಾಗ. ಸಿಂಬಿಯನ್ ಆ್ಯಪ್‌ಗೆ ಡಿಜಿಟಲ್ ಸಹಿ ಬೇಕು, ಆ ಸಹಿಗೆ ಅವಧಿ ಇದೆ. ಹೊಸ ಸಹಿ ಕೊಡುವುದು 2014ರ ಆರಂಭಕ್ಕೇ ನಿಂತಿತು. ಈಗ ಬಹುತೇಕ ಹಳೇ ಆ್ಯಪ್ ಫೈಲ್ ಒತ್ತಿದರೆ 'ಸರ್ಟಿಫಿಕೇಟ್ ಅವಧಿ ಮುಗಿದಿದೆ' ಅಂತ ಬರುತ್ತದೆ. ಅದಕ್ಕೊಂದು ಉಪಾಯ ಎಲ್ಲರಿಗೂ ಗೊತ್ತು: ಫೋನಿನ ತಾರೀಖನ್ನು 2009ಕ್ಕೋ 2010ಕ್ಕೋ ಹಿಂದೆ ಇಟ್ಟು ಇನ್‌ಸ್ಟಾಲ್ ಮಾಡುವುದು. ಆಮೇಲೆ ತಾರೀಖು ಸರಿಮಾಡಲು ಮರೆತರೆ, ಮೊನ್ನೆ ಮಾತಾಡಿದ ವ್ಯವಹಾರದ ಫೈಲ್ ಮೇಲೆ 2009 ಅಂತ ಬೀಳುತ್ತದೆ. ಇಂಥ ಮೆಮೊರಿ ಕಾರ್ಡುಗಳು ನಮ್ಮ ಟೇಬಲ್ಲಿಗೆ ಬಂದಿವೆ. ಧ್ವನಿ ಸ್ಪಷ್ಟವಾಗಿದೆ, ದರವೂ ಕೇಳಿಸುತ್ತದೆ, ತಾರೀಖು ಮಾತ್ರ ಸುಳ್ಳು. ಎದುರು ವಕೀಲರು ಮೊದಲು ಹಿಡಿಯುವುದು ಅದನ್ನೇ.

ಲೂಮಿಯಾ (ನೋಕಿಯಾದ ವಿಂಡೋಸ್ ಫೋನು) ಇದ್ದವರಿಗೆ ಒಂದು ಮಾತು. ವಿಂಡೋಸ್ ಫೋನ್ 8 ಕಾಲ್ ಧ್ವನಿಯನ್ನು ಹೊರಗಿನ ಆ್ಯಪ್‌ಗೆ ಕೊಡುವುದೇ ಇಲ್ಲ. ಸುಮ್ನೆ ಹುಡುಕಬೇಡಿ.

ಇನ್ನು ಈಗಾಗಲೇ ಇರುವ ರೆಕಾರ್ಡಿಂಗ್ ವಿಷಯ. ಇ63ರಂಥ ಫೋನಿನಲ್ಲಿ ಅವು 'ಸೌಂಡ್ಸ್' ಫೋಲ್ಡರ್ ಒಳಗಿನ 'ಡಿಜಿಟಲ್'ನಲ್ಲಿರುತ್ತವೆ, ಎಎಂಆರ್ ಎಂಬ ಚಿಕ್ಕ ಧ್ವನಿ ಫೈಲಾಗಿ. ಒಂದು ನಿಮಿಷಕ್ಕೆ ನೂರು ಕೆಬಿಯೂ ಆಗುವುದಿಲ್ಲ. ಕೇಳಲು ಅನುಕೂಲ ಅಂತ ಎಂಪಿ3 ಮಾಡಿ ಮೂಲ ಅಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನಿಂದ ಲೆಕ್ಕ ಹಾಕಿ ಬರುವ ಬೆರಳಚ್ಚಿನಂಥ ಸಂಖ್ಯೆ, ಬರೆಯಬೇಕು. ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ.

ಕೇಸಿಗೆ ಬೇಕಾಗುವ ರೆಕಾರ್ಡಿಂಗ್ ಇದ್ದರೆ ಅದೇ ಫೋನಿನಲ್ಲಿ ಮತ್ತೆ ಮತ್ತೆ ರೆಕಾರ್ಡ್ ಮಾಡುತ್ತಾ ಕೂರಬೇಡಿ. ಬ್ಯಾಟರಿ ಉಬ್ಬಿದ್ದರೆ ತೆಗೆದುಬಿಡಿ. ಕಾರ್ಡಿನ ಕಾಪಿ ಮಾಡಿಸಿ, ಮೂಲ ಕಾರ್ಡನ್ನೂ ಫೋನನ್ನೂ ಒಂದೇ ಕವರಿನಲ್ಲಿಟ್ಟು, ಯಾವತ್ತು ಯಾರು ಇಟ್ಟರು ಅಂತ ಮೇಲೆ ಬರೆಯಿರಿ. ಧಾರವಾಡದ ವಕೀಲರ ಹತ್ತಿರ ಹೋಗುವಾಗ ಆ ಕವರ್ ತೆರೆಯದೇ ಒಯ್ಯಿರಿ.