‘ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ’: ಪದ ಎಲ್ಲಿ ಒಡೆಯಬೇಕು?

ಸರ್ಕಾರಿ ಆಸ್ಪತ್ರೆಗೆ ಥೈರಾಯ್ಡ್ ಮಷಿನ್ ಬಂದರೆ ‘ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ವ್ಯವಸ್ಥೆಯ ಬಲವರ್ಧನೆ’. ಶುಗರ್ ಟೆಸ್ಟ್ ಉಚಿತ ಆದರೂ ಅದೇ ಮಾತು. ಲ್ಯಾಬಿನ ಗೋಡೆಗೆ ಟೈಲ್ಸ್ ಹಾಕಿ ರಿಬ್ಬನ್ ಕತ್ತರಿಸಿದ ಸುದ್ದಿಗೂ ಮೊನ್ನೆ ಇದೇ ತಲೆಬರಹ. ಇವೆಲ್ಲ ಒಳ್ಳೆಯ ಕೆಲಸಗಳೇ, ತಕರಾರಿಲ್ಲ. ಆದರೆ ಆ ಹೆಸರು ಈ ಕೆಲಸಕ್ಕೆ ಸಲ್ಲುವುದಿಲ್ಲ.

ಎಡವಟ್ಟಾಗುವುದು ಪದ ಒಡೆಯುವ ಜಾಗದಲ್ಲಿ. ಸಾರ್ವಜನಿಕ ಗ್ರಂಥಾಲಯ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ಆಸ್ಪತ್ರೆ ಅಂತ ಹೇಳಿ ಹೇಳಿ ನಮಗೆ ಒಂದು ರೂಢಿ ಬಿದ್ದಿದೆ. ಇಲ್ಲೆಲ್ಲ ‘ಸಾರ್ವಜನಿಕ’ ಅಂದರೆ ಯಾರು ಬೇಕಾದರೂ ಒಳಗೆ ಹೋಗಬಹುದಾದ ಜಾಗ. ಅದೇ ರೂಢಿಯಲ್ಲಿ ‘ಸಾರ್ವಜನಿಕ’ ಬೇರೆ, ‘ಆರೋಗ್ಯ ಪ್ರಯೋಗಾಲಯ’ ಬೇರೆ ಅಂತ ಓದುತ್ತೇವೆ. ಎಲ್ಲರಿಗೂ ತೆರೆದಿರುವ ರಕ್ತ ಪರೀಕ್ಷೆಯ ಕೋಣೆ ಅನ್ನುವ ಅರ್ಥ ಬರುತ್ತದೆ. ಒಡೆಯಬೇಕಾದ್ದು ಹಾಗಲ್ಲ. ‘ಸಾರ್ವಜನಿಕ ಆರೋಗ್ಯ’ ಅನ್ನುವುದು ಒಂದು ತುಂಡು, ‘ಪ್ರಯೋಗಾಲಯ’ ಇನ್ನೊಂದು. ‘ಸರ್ವಜನ’ಕ್ಕೆ ‘ಇಕ’ ಸೇರಿ ‘ಸಾರ್ವಜನಿಕ’ ಆಗಿದ್ದು, ಎಲ್ಲ ಜನಕ್ಕೆ ಸಂಬಂಧಪಟ್ಟದ್ದು ಅಂತ ಅರ್ಥ. ಹಾಗಾಗಿ ಇದು ಇಡೀ ಊರಿನ ಆರೋಗ್ಯವನ್ನು ಪರೀಕ್ಷೆ ಮಾಡುವ ಲ್ಯಾಬ್. ‘ಪ್ರಯೋಗ’ವೂ ದಾರಿ ತಪ್ಪಿಸುತ್ತದೆ. ಆ ಪದ ಕೇಳಿದರೆ ಹೈಸ್ಕೂಲಿನ ಪಿಪೆಟ್ಟು ನೆನಪಾಗುತ್ತದೆ. ಇಲ್ಲಿ ಯಾವ ಪ್ರಯೋಗವೂ ಇಲ್ಲ, ನಡೆಯುವುದೆಲ್ಲ ಪರೀಕ್ಷೆ. ‘ಪರೀಕ್ಷಾಲಯ’ ಅಂದಿದ್ದರೆ ಚೆನ್ನಾಗಿತ್ತು, ಆದರೆ ಬಳಕೆ ಗಟ್ಟಿಯಾಗಿಬಿಟ್ಟಿದೆ.

ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ ವಾಂತಿ-ಭೇದಿ ಶುರುವಾಯಿತು ಅಂದುಕೊಳ್ಳಿ. ರೋಗಿಗೆ ಓಆರ್‌ಎಸ್, ಸಲೈನ್ ಕೊಡಲು ಯಾವ ರಿಪೋರ್ಟೂ ಬೇಡ. ಆದರೂ ಆ್ಯಂಟಿಬಯಾಟಿಕ್ ಕೊಡುವ ಮೊದಲು ಮಲದ ಸ್ಯಾಂಪಲ್ ತೆಗೆಯಬೇಕು. ಅದನ್ನು ಕ್ಯಾರಿ-ಬ್ಲೇರ್ ಅನ್ನುವ ಲೋಳೆಯಂಥ ಮಾಧ್ಯಮ ಇರುವ ಟ್ಯೂಬಿಗೆ ಹಾಕುತ್ತಾರೆ. ಜಿಲ್ಲಾ ಲ್ಯಾಬ್ ಮುಟ್ಟುವವರೆಗೆ ಕಾಲರಾ ರೋಗಾಣು ಅದರಲ್ಲಿ ಜೀವಂತ ಇರುತ್ತದೆ. ನಲ್ಲಿ ನೀರಿನ ಬಾಟಲಿ ಇನ್ನೂ ಸೂಕ್ಷ್ಮ. ಕ್ರಿಮಿಶುದ್ಧ ಮಾಡಿದ ಆ ಬಾಟಲಿಯೊಳಗೆ ಮೊದಲೇ ಒಂಚೂರು ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು. ಅದು ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ಅಲ್ಲೇ ನಿಲ್ಲಿಸುತ್ತದೆ. ಅದಿಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಬಾಟಲಿಯೊಳಗೇ ಕೆಲಸ ಮಾಡುತ್ತಾ ಹೋಗುತ್ತದೆ. ಜನ ಕುಡಿದ ನೀರಿನಲ್ಲಿದ್ದ ರೋಗಾಣು ಲ್ಯಾಬ್ ಮುಟ್ಟುವಷ್ಟರಲ್ಲಿ ಸತ್ತಿರುತ್ತದೆ, ‘ನೀರು ಶುದ್ಧ’ ಅಂತ ರಿಪೋರ್ಟ್ ಬರುತ್ತದೆ. ಎಷ್ಟು ದುಬಾರಿ ಮಷಿನ್ ಇದ್ದರೂ ಈ ತಪ್ಪನ್ನು ಹಿಡಿಯಲಾರದು.

ಕಲ್ಚರ್, ಅಂದರೆ ಸ್ಯಾಂಪಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಅದರ ರಿಪೋರ್ಟ್ ಬರುವ ಹೊತ್ತಿಗೆ ರೋಗಿ ಮನೆಗೆ ಹೋಗಿರುತ್ತಾರೆ. ‘ಹಾಗಾದರೆ ಏನು ಉಪಯೋಗ?’ ಅಂತ ಕೇಳುವವರಿದ್ದಾರೆ. ಆ ರಿಪೋರ್ಟ್ ಬೇಕಿರುವುದು ತಾಲ್ಲೂಕು ಆರೋಗ್ಯಾಧಿಕಾರಿಗೆ, ಪಿಡಿಓಗೆ, ವಾಲ್‌ಮನ್‌ಗೆ. ಗಟಾರದೊಳಗೆ ಹಾದುಹೋದ ಪೈಪ್ ಯಾವುದು, ಅದನ್ನು ಈಗಲೇ ಬಂದ್ ಮಾಡಬೇಕಾ ಅಂತ ತೀರ್ಮಾನಿಸುವವರು ಅವರೇ ಅಲ್ವಾ?

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನಗಟ್ಟಲೆ ಖಾಲಿ ಇದ್ದ ಪೈಪು ಸುತ್ತಲಿನ ಹೊಲಸು ನೀರನ್ನು ಒಳಗೆಳೆದುಕೊಳ್ಳುತ್ತದೆ. ನಮ್ಮ ಅವಳಿ ನಗರದಲ್ಲೇ ನೀರಿನ ಸ್ಯಾಂಪಲ್ ತೆಗೆದು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 24 ಗಂಟೆ ನೀರು ಬರುವ ವಾರ್ಡುಗಳಿಗಿಂತ, ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳ ನಲ್ಲಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ, ಅಂದರೆ ನೀರಿಗೆ ಮಲ ಸೇರಿದೆ ಅನ್ನುವುದರ ಗುರುತು, ಜಾಸ್ತಿ ಸಿಕ್ಕಿತ್ತು. ಗದಗ ಜಿಲ್ಲೆಯ ಮುಂಡರಗಿ ಕಡೆ ಕೊಳವೆಬಾವಿಗಳದು ಬೇರೆ ಕಥೆ, ಅಲ್ಲಿ ಫ್ಲೋರೈಡ್ ಕಾಟ. ಬಣ್ಣದಿಂದ, ವಾಸನೆಯಿಂದ ಅದು ತಿಳಿಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಅನ್ನುವ ಮಿತಿ ದಾಟಿದೆ ಅಂತ ಲ್ಯಾಬೇ ಹೇಳಬೇಕು. ಲ್ಯಾಬ್ ಹೇಳದಿದ್ದರೆ, ವರ್ಷಗಳು ಕಳೆದ ಮೇಲೆ ಮಕ್ಕಳ ಹಲ್ಲಿನ ಕಲೆ ಹೇಳುತ್ತದೆ.

ಇನ್ನು ‘ವ್ಯವಸ್ಥೆಯ ಬಲವರ್ಧನೆ’. ಈ ಮಾತಿಗೆ ಜಗತ್ತಿನಲ್ಲಿ ತೂಕ ಬಂದಿದ್ದು 2008ರ ಜನವರಿಯಲ್ಲಿ, ಮೊಜಾಂಬಿಕ್‌ನ ಮಪುಟೊ ಘೋಷಣೆಯಿಂದ. ಬಡ ದೇಶಗಳಲ್ಲಿ ಎಚ್‌ಐವಿಗೆ ಒಂದು ಲ್ಯಾಬ್, ಟಿಬಿಗೆ ಒಂದು, ಮಲೇರಿಯಾಗೆ ಇನ್ನೊಂದು ಅಂತ ಹಣ ಕೊಟ್ಟವರ ಲೆಕ್ಕದಲ್ಲಿ ಲ್ಯಾಬುಗಳು ಹರಿದು ಹಂಚಿಹೋಗಿದ್ದವು. ಒಂದೇ ರಾಷ್ಟ್ರೀಯ ಯೋಜನೆಯಡಿ ಅವನ್ನೆಲ್ಲ ಜೋಡಿಸಿ ಅನ್ನುವುದು ಅಲ್ಲಿನ ಒತ್ತಾಯ. ಅಂದರೆ ಸ್ಯಾಂಪಲ್ ಸಾಗಣೆ, ತರಬೇತಿ, ರೀಏಜೆಂಟ್ (ಪರೀಕ್ಷೆಗೆ ಬೇಕಾದ ರಾಸಾಯನಿಕ) ಪೂರೈಕೆ, ಗುಣಮಟ್ಟದ ತಪಾಸಣೆ ಎಲ್ಲವೂ ಸೇರಿ ‘ವ್ಯವಸ್ಥೆ’. ನಮ್ಮ ಟಿಬಿ ಕಾರ್ಯಕ್ರಮ ನೋಡಿ. ಒಂದು ಕೇಂದ್ರದಲ್ಲಿ ಸೂಕ್ಷ್ಮದರ್ಶಕದಡಿ ಓದಿದ ಕಫದ ಸ್ಲೈಡ್‌ಗಳಲ್ಲಿ ಕೆಲವನ್ನು ಆರಿಸಿ, ಮೊದಲ ಫಲಿತಾಂಶ ತೋರಿಸದೆ ಇನ್ನೊಬ್ಬರಿಂದ ಓದಿಸುತ್ತಾರೆ. ನನಗೆ ಬಲವರ್ಧನೆ ಅಂದರೆ ಮೊದಲು ನೆನಪಾಗುವುದು ಇದು.

ಇಂಥ ತಪಾಸಣೆ ಇಲ್ಲದ ಕಡೆ ಏನಾಗುತ್ತದೆ? ನಮ್ಮ ಮನೆಯಲ್ಲೇ ಜ್ವರದ ಎರಡನೇ ದಿನಕ್ಕೆ ಒಂದು ಲ್ಯಾಬ್ ‘ವಿಡಾಲ್ ಪಾಸಿಟಿವ್, ಟೈಫಾಯ್ಡ್’ ಅಂತ ಬರೆದುಕೊಟ್ಟಿತ್ತು. ವಿಡಾಲ್ ಅನ್ನುವ ರಕ್ತ ಪರೀಕ್ಷೆ ಹುಡುಕುವ ಪ್ರತಿಕಾಯಗಳು (ರೋಗಾಣುವಿನ ವಿರುದ್ಧ ಮೈ ತಯಾರಿಸುವ ಆ್ಯಂಟಿಬಾಡಿ) ಸಾಮಾನ್ಯವಾಗಿ ಏರುವುದೇ ಒಂದು ವಾರದ ಮೇಲೆ. ರಕ್ತದ ಕಲ್ಚರ್ ಮಾಡಿದ್ದರೆ ಯಾವ ರೋಗಾಣು, ಯಾವ ಔಷಧ ಕೆಲಸ ಮಾಡುತ್ತದೆ ಎರಡೂ ತಿಳಿಯುತ್ತಿತ್ತು. ಅಂಥ ನೂರಾರು ಕಲ್ಚರ್ ಒಟ್ಟಿಗೆ ನೋಡಿದರೆ ಇಡೀ ಜಿಲ್ಲೆಯಲ್ಲಿ ಯಾವ ಆ್ಯಂಟಿಬಯಾಟಿಕ್ ಸೋಲುತ್ತಿದೆ ಅನ್ನುವುದು ಕಾಣುತ್ತದೆ. ಸುಮ್ನೆ ಬರೆದುಕೊಟ್ಟ ‘ಪಾಸಿಟಿವ್’ಗಳಿಂದ ಊರಿಗೆ ಸಿಗುವುದು ತಪ್ಪು ಲೆಕ್ಕ ಮಾತ್ರ.

ದೇಶದ ರೋಗ ಕಣ್ಗಾವಲು ಯೋಜನೆ 2004ರಲ್ಲಿ ಶುರುವಾದಾಗ ಮೂರು ಫಾರ್ಮ್ ತಂದಿತು. ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತೆ ತುಂಬುವುದು ಎಸ್, ವೈದ್ಯರು ಅಂದಾಜಿಸಿ ತುಂಬುವುದು ಪಿ, ಲ್ಯಾಬ್ ಖಚಿತಪಡಿಸಿ ತುಂಬುವುದು ಎಲ್. ಎಲ್ ಖಾಲಿ ಉಳಿದರೆ ಎಲ್ಲವೂ ಅಂದಾಜಿನಲ್ಲೇ ನಿಲ್ಲುತ್ತದೆ.

2021ರಲ್ಲಿ ಆಯುಷ್ಮಾನ್ ಭಾರತ್ ಮೂಲಸೌಕರ್ಯ ಮಿಷನ್ನಿನಡಿ 730 ಜಿಲ್ಲೆಗಳಿಗೆ ‘ಸಮಗ್ರ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ’ ಘೋಷಣೆಯಾಯಿತು. ಸಮಗ್ರ ಅಂದರೆ ರೋಗಿಯ ಪರೀಕ್ಷೆ, ಊರಿನ ಪರೀಕ್ಷೆ ಎರಡೂ ಒಂದೇ ಸೂರಿನಡಿ. ಯೋಚನೆ ಸರಿಯಾಗಿದೆ. ಆದರೆ ಬೆಳಗ್ಗೆ ಶುಗರ್ ಟೆಸ್ಟಿಗೆ ನಿಂತ ಸಾಲು ಎಲ್ಲರ ಕಣ್ಣಿಗೆ ಬೀಳುತ್ತದೆ, ಹಳ್ಳಿಯಿಂದ ಬಂದ ನೀರಿನ ಬಾಟಲಿ ಬೀಳುವುದಿಲ್ಲ. ‘ಬಲವರ್ಧನೆ’ ಅಂತ ತಲೆಬರಹ ಕೊಡುವವರು ಮಷಿನ್ ಎಷ್ಟು ಬಂತು ಅನ್ನುವುದರ ಜೊತೆ ಇಷ್ಟನ್ನೂ ಕೇಳಿ: ಮೈಕ್ರೋಬಯಾಲಜಿಸ್ಟ್ ಹುದ್ದೆ ತುಂಬಿದೆಯಾ, ಭಾನುವಾರ ಬಂದ ಸ್ಯಾಂಪಲ್ ಯಾರು ತಗೊಳ್ಳುತ್ತಾರೆ, ರಿಪೋರ್ಟ್ ವಾಲ್‌ಮನ್ ಕೈಗೆ ಎಷ್ಟು ಗಂಟೆಯಲ್ಲಿ ಮುಟ್ಟುತ್ತದೆ.