ಪದ ಪರಿಚಯ: ವೇಪಿಂಗ್

ಇ-ಸಿಗರೇಟು ಸೇದುವುದಕ್ಕೆ ವೇಪಿಂಗ್ ಎನ್ನುತ್ತಾರೆ. ಆವಿ ಎಂಬ ಅರ್ಥದ 'ವೇಪರ್' ಪದವನ್ನು ಮೊಟಕು ಮಾಡಿ ಹುಟ್ಟಿಸಿದ ಮಾತಿದು. ಹೆಸರು ಕೇಳಿದರೆ ನೆಗಡಿಗೆ ತೆಗೆದುಕೊಳ್ಳುವ ಹಬೆ ನೆನಪಾಗಬಹುದು. ವಸ್ತು ಅಷ್ಟು ಸಾಧುವಲ್ಲ. ಪೆನ್ನಿನಂಥ ಆ ಸಲಕರಣೆಯೊಳಗೆ ಒಂದು ಬ್ಯಾಟರಿ, ಸುರುಳಿ ಸುತ್ತಿದ ಸಣ್ಣ ತಂತಿ, ಅದಕ್ಕೆ ತಾಗಿಕೊಂಡ ಹತ್ತಿಯ ಬತ್ತಿ ಇರುತ್ತವೆ. ಬತ್ತಿ ಹೀರಿಕೊಂಡ ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕಗಳು, ಮಾವು ಅಥವಾ ಪುದೀನದ ಪರಿಮಳ, ಹೆಚ್ಚಿನವುಗಳಲ್ಲಿ ನಿಕೋಟಿನ್ ಕೂಡ ಇರುತ್ತದೆ. ಬಾಯಲ್ಲಿಟ್ಟು ಎಳೆದರೆ ತಂತಿ ಕಾದು, ದ್ರವ ಸೂಕ್ಷ್ಮ ಹನಿಗಳಾಗಿ ಗಂಟಲಿಗಿಳಿಯುತ್ತದೆ. ತಂಬಾಕಿನ ಎಲೆ ಉರಿಯುವುದಿಲ್ಲವಾದ್ದರಿಂದ ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಜಿಗುಟು ಕಸರು, ಅಂದರೆ ಟಾರು, ಇಲ್ಲ. ಚಟ ಹತ್ತಿಸುವ ನಿಕೋಟಿನ್ ಮಾತ್ರ ಹಾಗೆಯೇ ಉಳಿಯುತ್ತದೆ.

ಆರೋಗ್ಯ ಸಂಸ್ಥೆಗಳ ದಾರಿ ಕವಲೊಡೆಯುವುದು ಇಲ್ಲೇ. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆ 2015ರಲ್ಲಿ, ವೇಪಿಂಗ್ ಧೂಮಪಾನಕ್ಕಿಂತ ಸುಮಾರು ಶೇ 95ರಷ್ಟು ಕಡಿಮೆ ಹಾನಿಕರ ಎಂದಿತು. ಅದು ತಜ್ಞರ ಅಂದಾಜೇ ಹೊರತು ಅಳೆದು ಕಂಡ ಲೆಕ್ಕವಲ್ಲ. ಟೀಕೆಯೂ ಸಾಕಷ್ಟು ಬಂತು. ಆದರೂ ಇಂಗ್ಲೆಂಡಿನಲ್ಲಿ ಹತ್ತು ಲಕ್ಷ ಧೂಮಪಾನಿಗಳಿಗೆ ಸಿಗರೇಟು ಬಿಡಲು ವೇಪ್ ಕಿಟ್ ಕೊಡುವ ಯೋಜನೆಯನ್ನು 2023ರಲ್ಲಿ ಸರ್ಕಾರವೇ ಘೋಷಿಸಿತು. ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತಿದ್ದ, ಒಮ್ಮೆ ಬಳಸಿ ಎಸೆಯುವ ವೇಪ್‌ಗಳನ್ನು 2025ರ ಜೂನ್ 1ರಿಂದ ನಿಷೇಧಿಸಿದ್ದೂ ಅದೇ ದೇಶ.

ವಿಶ್ವ ಆರೋಗ್ಯ ಸಂಸ್ಥೆ ಈ ಉತ್ಸಾಹವನ್ನು ಒಪ್ಪುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವ ಇ-ಸಿಗರೇಟಿನಿಂದ ಇಡೀ ಜನಸಮುದಾಯದಲ್ಲಿ ಧೂಮಪಾನ ಇಳಿದೀತೆಂಬುದಕ್ಕೆ ಪುರಾವೆಯಿಲ್ಲ, ಪರಿಮಳಗಳನ್ನು ನಿಷೇಧಿಸಿ ಎಂದು 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಆದರೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಳಿಗಿಂತ ನಿಕೋಟಿನ್ ವೇಪ್‌ನಿಂದ ಹೆಚ್ಚು ಮಂದಿ ಸಿಗರೇಟು ಬಿಟ್ಟರೆಂದು, ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೋಕ್ರೇನ್ ಪರಾಮರ್ಶೆ ಹೇಳುತ್ತದೆ. ನನಗೆ ಇವೆರಡು ಒಂದನ್ನೊಂದು ಸುಳ್ಳಾಗಿಸುವ ಮಾತುಗಳಾಗಿ ತೋರುವುದಿಲ್ಲ. ಇಪ್ಪತ್ತು ವರ್ಷ ಸಿಗರೇಟು ಸೇದಿದವನಿಗೆ 'ಕಡಿಮೆ ಹಾನಿ' ಎಂದರೆ ನಿಜಕ್ಕೂ ಕಡಿಮೆ; ಒಂದು ಸಿಗರೇಟನ್ನೂ ಮುಟ್ಟದ ಹದಿನೈದರ ಹುಡುಗಿಗೆ ಅದು ಇಲ್ಲದ್ದೊಂದು ಹಾನಿಯನ್ನು ತಂದುಕೊಂಡಂತೆ. ಒಂದು ಸಂಸ್ಥೆಯ ಕಣ್ಣು ಅವನ ಮೇಲಿದೆ, ಇನ್ನೊಂದರ ಕಣ್ಣು ಇವಳ ಮೇಲೆ.

ಭಾರತ ಹುಡುಗಿಯ ಪಕ್ಷ ವಹಿಸಿತು. ಕರ್ನಾಟಕ 2016ರಲ್ಲೇ ಇ-ಸಿಗರೇಟು ಮಾರಾಟವನ್ನು ನಿಷೇಧಿಸಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಅದೇ ವರ್ಷದ ಕಾಯ್ದೆಯಡಿ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹುಡುಗಿಯ ಮಟ್ಟಿಗೆ ಇದು ಸರಿಯಾದ ನಿರ್ಧಾರವೆಂದೇ ನಂಬುತ್ತೇನೆ. ಆದರೆ ಬೀಡಿ, ಸಿಗರೇಟು ಬೀದಿ ತುದಿಯ ಪೆಟ್ಟಿಗೆ ಅಂಗಡಿಯಲ್ಲಿ ಇಂದಿಗೂ ಬಿಡಿಯಾಗಿ ಸಿಗುತ್ತಿರುವಾಗ, ಆ ಇಪ್ಪತ್ತು ವರ್ಷದ ಧೂಮಪಾನಿಯನ್ನು ಮರೆತುಬಿಟ್ಟೆವೇನೋ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ. ತಂಬಾಕು ಬಿಡಲು ನೆರವಾಗಲೆಂದು ಅವನಿಗಾಗಿ ಇರುವ ಒಂದು ಉಚಿತ ದೂರವಾಣಿ ಸಂಖ್ಯೆ 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನ ಆಪ್ತಸಲಹೆಗಾರರು ಅದರಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ. ಆ ಸಂಖ್ಯೆ ಅಚ್ಚಾಗಿರುವುದು ಸಿಗರೇಟಿನ ಪೊಟ್ಟಣದ ಮೇಲೆ. ಬಿಡಿಯಾಗಿ ಕೊಳ್ಳುವವನ ಕೈಗೆ ಆ ಪೊಟ್ಟಣ ಬರುವುದೇ ಇಲ್ಲ.