ಅಕ್ಕನ ಬೆರಳಿನ ಗಾಯ

ಎಳ್ಳ ಅಮಾವಾಸ್ಯೆ ಇನ್ನೂ ಎರಡು ದಿನ ಇರುವಾಗಲೇ ಕಲಬುರಗಿಯ ಓಣಿಗಳಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸದ್ದು ಏಳುತ್ತದೆ. ಹೋದ ಸಲ ನಮ್ಮ ಅಕ್ಕ ಎಳ್ಳು ಹಚ್ಚಿದ ರೊಟ್ಟಿಯನ್ನು ಹಂಚಿಗೆ ಹಾಕುವುದಕ್ಕೂ ಒಳಕೋಣೆಯಿಂದ ಅವ್ವ ಕರೆಯುವುದಕ್ಕೂ ಸರಿಹೋಗುತ್ತಿತ್ತು. ಲಕ್ವಾ ಹೊಡೆದ ಮೇಲೆ ಅವ್ವನಿಗೆ ಎಡಗಡೆ ಸ್ವಾಧೀನವಿಲ್ಲ. ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಭಜ್ಜಿಗೆಂದು ಮೆಂತ್ಯ ಸೊಪ್ಪು ಹೆಚ್ಚುವಾಗ ಅಕ್ಕನ ಹೆಬ್ಬೆರಳಿಗೆ ಈಳಿಗೆ ತಾಗಿತು. ಸಂಕ್ರಾಂತಿ ಬಂದರೂ ಆ ಗಾಯ ಕೂಡಿರಲಿಲ್ಲ.

ದಿನವಿಡೀ ನೀರಿನಲ್ಲಿರುವ ಕೈ ಅದು. ಒಂದು ಬೆರಳಿನಿಂದ ಏನೂ ಸಾಬೀತಾಗುವುದಿಲ್ಲ. ಆದರೆ 1995ರಲ್ಲಿ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಆರೈಕೆಯ ಒತ್ತಡದಿಂದ ಗಾಯ ಮಾಯುವುದು ತಡವಾಗುತ್ತದೆಯೇ ಎಂಬುದನ್ನೇ ಅಳೆದು ನೋಡಿದ್ದರು. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರು, ಅಂಥ ಹೊಣೆಯಿಲ್ಲದ ಅದೇ ವಯಸ್ಸಿನ 13 ಮಹಿಳೆಯರು. ಎಲ್ಲರ ಕೈಯಲ್ಲೂ ಸಂಶೋಧಕರೇ ಮಾಡಿದ 3.5 ಮಿಲಿಮೀಟರ್ ಅಗಲದ ಒಂದೇ ಬಗೆಯ ಗಾಯ. ಆರೈಕೆ ಮಾಡುವವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು.

ಕಾರಣದ ಒಂದು ಎಳೆ ನೆತ್ತರಿನಲ್ಲಿದೆ. ಆತಂಕ ಎದುರಾದಾಗ ಮಿದುಳಿನ ಸೂಚನೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಸುರಿಸುತ್ತವೆ. ಹಾವು ಕಂಡರೆ ಇದು ಒಳ್ಳೆಯದೇ: ಶಕ್ತಿ ಒದಗುತ್ತದೆ, ಹಾವು ಹೋದ ಮೇಲೆ ಕಾರ್ಟಿಸಾಲ್ ತಾನೇ ತಗ್ಗುತ್ತದೆ. ಆರೈಕೆಯ ಮನೆಯಲ್ಲಿ ಹಾವು ಹೋಗುವುದೇ ಇಲ್ಲ. ಕಾರ್ಟಿಸಾಲ್ ಏರಿಯೇ ಉಳಿದರೆ ಗಾಯ ಮಾಯಿಸುವ ಸಂದೇಶವಸ್ತುಗಳು ತಗ್ಗುತ್ತವೆ. ಗಾಯ ತುಂಬುವ ಕೆಲಸಕ್ಕೆ ಚಾಲನೆ ಕೊಡುವ ಇಂಟರ್‌ಲ್ಯೂಕಿನ್-1 ಎಂಬ ಸಂದೇಶವಸ್ತು ಆರೈಕೆ ಮಾಡುತ್ತಿದ್ದ ಆ ಮಹಿಳೆಯರ ರಕ್ತಕಣಗಳಲ್ಲಿ ಕಡಿಮೆ ತಯಾರಾಗುತ್ತಿತ್ತು. ಹೀಗಿರುವಾಗ "ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೋ" ಎನ್ನುವ ಮಾತು ನನಗೆ ಕ್ರೂರವಾಗಿ ಕೇಳುತ್ತದೆ.

ಹಬ್ಬ ಈ ಭಾರವನ್ನು ಏರಿಸುತ್ತದೆ. ಕೆಲಸ ಹೆಚ್ಚು, ನಿದ್ದೆ ಕಡಿಮೆ. ಗದ್ದಲದಲ್ಲಿ ರೋಗಿಯ ಊಟ, ಗುಳಿಗೆಯ ಹೊತ್ತು ತಪ್ಪಿ ಅವರೂ ಸಿಡಿಮಿಡಿಗೊಳ್ಳುತ್ತಾರೆ. ಜೊತೆಗೆ, ಹಬ್ಬಕ್ಕೆ ಬಂದ ನೆಂಟರ ಮಾತು: "ಅವ್ವ ಬಹಳ ಸೊರಗಿದ್ದಾರಲ್ಲ!" ಅಕ್ಕ ಅದಕ್ಕೆ ಉತ್ತರ ಕೊಡದೆ ಚಹಾ ಇಡಲು ಹೋಗುತ್ತಿದ್ದಳು.

ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕ ಸ್ಟೀವನ್ ಜರಿಟ್ ಅವರ ಅಧ್ಯಯನಗಳಲ್ಲಿ, ರೋಗಿಯು ಹಗಲು ಆರೈಕೆ ಕೇಂದ್ರಕ್ಕೆ ಹೋದ ದಿನಗಳಂದು ಮನೆಯವರ ಒತ್ತಡ ತಗ್ಗಿದ್ದು ಕಂಡಿತು. ನಮ್ಮಲ್ಲಿ ಆ ಕೇಂದ್ರದ ಕೆಲಸವನ್ನು ಒಡಹುಟ್ಟಿದವರೇ ಮಾಡಬೇಕು. "ಏನಾದರೂ ಬೇಕಿದ್ದರೆ ಹೇಳು" ಎಂದರೆ ಸಾಲದು, ಕೇಳುವುದೂ ಅವಳ ತಲೆಯ ಮೇಲೊಂದು ಕೆಲಸವಾಗುತ್ತದೆ. "ಹತ್ತರಿಂದ ನಾಲ್ಕರವರೆಗೆ ಅವ್ವ ನನ್ನ ಪಾಲು" ಎನ್ನಬೇಕು. ಭಜ್ಜಿಗೆ ಎರಡು ಕಾಯಿಪಲ್ಲೆ ಕಡಿಮೆ ಬಿದ್ದರೂ ಭೂತಾಯಿ ಮುನಿಯುವುದಿಲ್ಲ. ನಿದ್ದೆಯಿಲ್ಲದೆ, ಬದುಕೇ ಬೇಡವೆನಿಸುವ ಮಟ್ಟಕ್ಕೆ ಹೋದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಈ ಸಲ ಗುಳಿಗೆಯ ಹೊತ್ತು, ಮಗ್ಗುಲು ಬದಲಿಸುವ ಹೊತ್ತು ಎಲ್ಲವನ್ನೂ ಅಕ್ಕ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ನಾನು ಮನೆಯಲ್ಲಿ ಉಳಿದೆ. ಅವಳು ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಉಂಡು, ತೊಗರಿ ಸಾಲಿನ ಪಕ್ಕದ ಬೇವಿನ ನೆರಳಿನಲ್ಲಿ ಮಲಗಿದಳಂತೆ. ಮೂರು ತಾಸು ಯಾರೂ ಎಬ್ಬಿಸಲಿಲ್ಲ.